ಮಿನಾರು ಮತ್ತು ನೆರೆಹೊರೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ಪಶ್ಚಿಮ ತುದಿಗೆ ಸಮೀಪವಾಗಿ, ಟೊಲೀಡೊ ಎಂಬ ನಗರವಿದೆ. ಗಾಜಿನ ಉದ್ಯಮಕ್ಕೂ ಮೋಟಾರು ತಯಾರಿಕೆಗೂ ಹೆಸರಾದ ಊರು ಅದು. ಆ ನಗರದ ದಕ್ಷಿಣಕ್ಕೆ, ಪೆರಿಸ್‌ಬರ್ಗ್ ಎಂಬಲ್ಲಿ, ಹೆದ್ದಾರಿಯಲ್ಲಿ ಸಾಗುವ ಪ್ರಯಾಣಿಕನಿಗೆ ಸಮತಟ್ಟಾದ ಬಯಲಿನ ನಡುವೆ ಒಂದು ಬಿಳಿಯ ಗುಮ್ಮಟವೂ ಅದರ ಪಕ್ಕದಲ್ಲಿ ಚೂಪಾಗಿ ಮೇಲೆದ್ದ ಎರಡು ಮಿನಾರುಗಳೂ ಕಾಣಿಸುತ್ತವೆ. ಸುತ್ತಲೂ ಮುಸುಕಿನ ಜೋಳ ಬೆಳೆಯುವ ಸೀಮೆ. ಮಿನಾರುಗಳ ಎತ್ತರ ಸುಮಾರು 135 ಅಡಿ. 1983ರಲ್ಲಿ ಪ್ರಾರ್ಥನೆಗೆ ತೆರೆದ ಈ ಮಸೀದಿಯ ಶಿಲ್ಪವು ತುರ್ಕಿಯ ಮಸೀದಿಗಳನ್ನು ನೆನಪಿಗೆ ತರುತ್ತದೆ. ಆದರೆ ಅದನ್ನು ಕಟ್ಟಿಸಿದ ಸಮುದಾಯದ ಮೂಲ ಕುಟುಂಬಗಳು ತುರ್ಕಿಯಿಂದ ಬಂದವರಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಿರಿಯಾ, ಲೆಬನಾನ್ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದು, ತಲೆಹೊರೆಯ ವ್ಯಾಪಾರ, ಕಾರ್ಖಾನೆಯ ಕೂಲಿ, ಸಣ್ಣಪುಟ್ಟ ಅಂಗಡಿಗಳಿಂದ ಜೀವನ ಕಟ್ಟಿಕೊಂಡವರು.

ಈ ಮಿನಾರುಗಳನ್ನು ಕುರಿತು ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಮಿನಾರು ಇರುವುದು ಏತಕ್ಕೆ? ಪ್ರಾರ್ಥನೆಯ ಸಮಯವಾಯಿತೆಂದು ಊರಿಗೆ ಸಾರಲು ಒಬ್ಬನು ಮೇಲೇರಿ ಕರೆಯುವುದಕ್ಕೆ. ಆದರೆ ಅಮೆರಿಕದ ಬಹುಪಾಲು ಮಸೀದಿಗಳಲ್ಲಿ ಆಜಾನ್ ಹೊರಗೆ ಕೇಳಿಸುವುದಿಲ್ಲ; ಅದನ್ನು ಪ್ರಾರ್ಥನಾ ಮಂದಿರದ ಒಳಗೇ ನುಡಿಯುತ್ತಾರೆ. ಭಕ್ತರು ಹತ್ತಾರು ಮೈಲಿ ದೂರದಲ್ಲಿ ಚದುರಿ ಬಾಳುತ್ತಾರೆ. ಅವರನ್ನು ಹೊತ್ತಿಗೆ ಸರಿಯಾಗಿ ಎಚ್ಚರಿಸಲು ಕೈಗಡಿಯಾರವಿದೆ, ದೂರವಾಣಿಯಿದೆ. ಹಾಗಾದರೆ, ಕೂಗದ ಮಿನಾರನ್ನು ಕಟ್ಟಲು ವಲಸೆ ಬಂದ ಜನ ಕಷ್ಟಪಟ್ಟು ದುಡಿದ ಹಣವನ್ನು ಏಕೆ ಸುರಿಯುತ್ತಾರೆ? ಮತ್ತೆ, ಕೂಗದ ಆ ಗೋಪುರವನ್ನು ಕಂಡು ನೆರೆಯವರು ಕೆಲವೆಡೆ ಏಕೆ ಬೆದರುತ್ತಾರೆ?

ಇಸ್ಲಾಂ ಧರ್ಮಕ್ಕೆ ಮಿನಾರು ಕಡ್ಡಾಯವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಮದೀನದಲ್ಲಿ ಪ್ರವಾದಿಯವರ ಕಾಲದಲ್ಲಿ ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆಗಳೂ ಖರ್ಜೂರದ ಕಾಂಡದ ಕಂಬಗಳೂ ಇದ್ದುವೇ ಹೊರತು ಮಿನಾರು ಇರಲಿಲ್ಲ. ಬಿಲಾಲರು ಎತ್ತರವಾದ ಒಂದು ಮಾಳಿಗೆಯ ಮೇಲೆ ನಿಂತು ಜನರನ್ನು ಕರೆಯುತ್ತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಗೋಪುರಗಳು ಬಂದದ್ದು ಆ ಬಳಿಕ, ಅರಬರು ದಮಾಸ್ಕಸ್ಸಿನಂಥ ಪುರಾತನ ನಗರಗಳಲ್ಲಿ ನೆಲೆಸಿದ ಮೇಲೆ. ಈ ಸಂಗತಿಯನ್ನು ಹಿಡಿದುಕೊಂಡು, "ನಿಮ್ಮ ಧರ್ಮಕ್ಕೆ ಬೇಡವಾದುದನ್ನು ನಮ್ಮ ಊರಿನಲ್ಲಿ ಏಕೆ ಕಟ್ಟುತ್ತೀರಿ?" ಎಂದು ವಾದಿಸುವವರು ಅಮೆರಿಕದಲ್ಲಿಯೂ ಉಂಟು, ಯುರೋಪಿನಲ್ಲಿಯೂ ಉಂಟು. ಈ ವಾದ ಕೇಳಲು ಜಾಣತನದ್ದಾಗಿದೆ. ಆದರೆ ಚರ್ಚಿನ ಗಂಟೆಗೋಪುರವನ್ನು ಕಟ್ಟಿರೆಂದು ಯೇಸುವೂ ಹೇಳಲಿಲ್ಲ; ಗಗನ ಮುಟ್ಟುವ ರಾಜಗೋಪುರವಿಲ್ಲದಿದ್ದರೆ ಪೂಜೆ ಸಲ್ಲದೆಂದು ಯಾವ ಭಕ್ತನೂ ಭಾವಿಸುವುದಿಲ್ಲ. ಮನುಷ್ಯನು ಅಗತ್ಯವಾದುದನ್ನು ಮಾತ್ರ ಕಟ್ಟುವುದಾದರೆ ಪ್ರಪಂಚದ ಊರುಗಳೆಲ್ಲ ಉಗ್ರಾಣಗಳ ಸಾಲಿನಂತಿರುತ್ತಿದ್ದವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಮೆರಿಕದ ನಗರಗಳಿಗೆ ಮಿನಾರು ಹೊಸದೇನೂ ಅಲ್ಲ. ಟೊಲೀಡೊ ಇರುವ ಒಹಾಯೊ ರಾಜ್ಯದಲ್ಲಿಯೇ, ದಕ್ಷಿಣದ ಸಿನ್ಸಿನಾಟಿ ನಗರದಲ್ಲಿ, 1866ರಷ್ಟು ಹಿಂದೆಯೇ ಎರಡು ಮಿನಾರುಗಳು ತಲೆಯೆತ್ತಿದ್ದವು. ಅವನ್ನು ಕಟ್ಟಿಸಿದವರು ಮುಸಲ್ಮಾನರಲ್ಲ, ಜರ್ಮನ್ ಮೂಲದ ಯೆಹೂದ್ಯರು! ಪ್ಲಮ್ ಬೀದಿಯ ಆ ಯೆಹೂದ್ಯ ಮಂದಿರ ಇಂದಿಗೂ ಇದೆ. ಸ್ಪೇನಿನಲ್ಲಿ ಮುಸ್ಲಿಂ ಅರಸರ ಆಳ್ವಿಕೆಯ ಕಾಲದಲ್ಲಿ ಯೆಹೂದ್ಯ ವಿದ್ವಾಂಸರೂ ಕವಿಗಳೂ ಬಾಳಿ ಬೆಳಗಿದ ನೆನಪು ಆ ಶೈಲಿಯ ಹಿಂದೆ ಇತ್ತು. ಬೀದಿಯ ಆಚೆ ಬದಿಗೆ ಕ್ಯಾಥೊಲಿಕರ ಪ್ರಧಾನ ಚರ್ಚಿನ ಶಿಖರ, ಈಚೆ ಬದಿಗೆ ಯೆಹೂದ್ಯರ ಮಿನಾರು. ಇನ್ನು ಫ್ಲಾರಿಡ ರಾಜ್ಯದ ಟ್ಯಾಂಪಾ ನಗರದಲ್ಲಿ ರೈಲ್ವೆ ಕಂಪನಿಯ ಒಡೆಯ ಹೆನ್ರಿ ಪ್ಲಾಂಟ್ ಎಂಬಾತನು 1891ರಲ್ಲಿ ತೆರೆದ ಭಾರಿ ಹೋಟೆಲಿಗೆ ಆರು ಮಿನಾರುಗಳನ್ನು ಇಡಿಸಿದನು. ಚಳಿಗಾಲ ಕಳೆಯಲು ಉತ್ತರದಿಂದ ಬರುವ ಶ್ರೀಮಂತರ ಕಣ್ಣಿಗೆ ಹಬ್ಬವಾಗಲೆಂದು ಮಾಡಿದ ಅಲಂಕಾರ ಅದು. ಈಗ ಆ ಕಟ್ಟಡ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅದರ ಮಿನಾರುಗಳು ನಗರದ ಗುರುತೇ ಆಗಿಬಿಟ್ಟಿವೆ. ನೆತ್ತಿಯ ಮೇಲೆ ಅರ್ಧಚಂದ್ರವನ್ನು ಹೊತ್ತಿದ್ದರೂ ಅವುಗಳಿಂದ ಟ್ಯಾಂಪಾ ನಗರದ ಕ್ರೈಸ್ತರಿಗೆ ಯಾವ ಭಯವೂ ಉಂಟಾಗಲಿಲ್ಲ.

ಇದರಿಂದ ಏನು ತಿಳಿಯುತ್ತದೆ? ಮಿನಾರು ಅಲಂಕಾರವಾಗಿದ್ದಾಗ ಅದನ್ನು ಮೆಚ್ಚಿದ ದೇಶವೇ, ಅದರ ಕೆಳಗೆ ನಿಜವಾಗಿ ಪ್ರಾರ್ಥಿಸುವ ಜನ ಬಂದು ನಿಂತಾಗ ಯೋಚನೆಗೆ ಬಿದ್ದಿತು. ಕಲ್ಲಿನ ಮೇಲೆ ಯಾರಿಗೂ ದ್ವೇಷವಿಲ್ಲ. ಪ್ರಶ್ನೆ ಕಲ್ಲನ್ನು ಕುರಿತದ್ದಲ್ಲ, ಕಟ್ಟುವವರನ್ನು ಕುರಿತದ್ದು.

ಕಟ್ಟುವವರ ಕಥೆಯಾದರೂ ದೀರ್ಘವಾದುದು. 1914ರಲ್ಲಿ ಹೆನ್ರಿ ಫೋರ್ಡನು ತನ್ನ ಕಾರ್ಮಿಕರಿಗೆ ದಿನಕ್ಕೆ ಐದು ಡಾಲರ್ ಕೊಡುವುದಾಗಿ ಸಾರಿದ ಸುದ್ದಿ ದೇಶದೇಶಗಳಿಗೆ ಹಬ್ಬಿತು. ಡೆಟ್ರಾಯಿಟ್ ನಗರದ ಒಡಲಲ್ಲಿರುವ ಹೈಲ್ಯಾಂಡ್ ಪಾರ್ಕ್ ಎಂಬ ಪುಟ್ಟ ಊರಿನ ಫೋರ್ಡ್ ಕಾರ್ಖಾನೆಗೆ ಅರಬರೂ ತುರ್ಕರೂ ಬಂದು ಸೇರಿದರು. ಅಲ್ಲಿ 1921ರಲ್ಲಿ ಒಂದು ಮಸೀದಿ ಎದ್ದಿತು. ಅಮೆರಿಕದಲ್ಲಿ ಮಸೀದಿಯಾಗಿಯೇ ಕಟ್ಟಿದ ಕಟ್ಟಡಗಳಲ್ಲಿ ಅದು ಅತ್ಯಂತ ಹಳೆಯದೆಂದು ಹೇಳುವುದುಂಟು. ಆದರೆ ಅದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಉತ್ತರ ಡಕೋಟದ ರಾಸ್ ಎಂಬ ಹಳ್ಳಿಯಲ್ಲಿ ಸಿರಿಯಾದಿಂದ ಬಂದ ರೈತರು 1929ರಲ್ಲಿ ಕಟ್ಟಿಕೊಂಡ ಪ್ರಾರ್ಥನೆಯ ಮನೆ ಅರ್ಧ ನೆಲದೊಳಗೇ ಹುದುಗಿತ್ತು. ದೂರದಿಂದ ನೋಡಿದವರಿಗೆ ನೆಲಮಾಳಿಗೆಯೆಂದೇ ತೋರುತ್ತಿತ್ತು. ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್ ಊರಿನಲ್ಲಿ 1934ರಲ್ಲಿ ತೆರೆದ ಮಸೀದಿ, ಬಾಗಿಲ ಮೇಲಿನ ಪುಟ್ಟ ಗುಮ್ಮಟವೊಂದನ್ನು ಬಿಟ್ಟರೆ, ಆ ಸೀಮೆಯ ಯಾವುದಾದರೊಂದು ಹಳ್ಳಿಯ ಶಾಲೆಯಂತೆ ಕಾಣುತ್ತದೆ. ಟೊಲೀಡೊದ ಕುಟುಂಬಗಳು ಕೂಡ 1954ರಲ್ಲಿ ಊರೊಳಗೆ ಒಂದು ಸಾಧಾರಣ ಮಸೀದಿಯನ್ನು ಕಟ್ಟಿಕೊಂಡು ತೃಪ್ತಿಪಟ್ಟಿದ್ದವು.

ಈ ಮಂದಿ ಮಿನಾರಿಲ್ಲದೆ ಏಕೆ ಸುಮ್ಮನಿದ್ದರು? ಹಣವಿರಲಿಲ್ಲ ಎಂಬುದು ನಿಜ. ಆದರೆ ಅದೊಂದೇ ಕಾರಣವಲ್ಲ. ಮೊದಲ ತಲೆಮಾರಿನ ವಲಸೆಗಾರನ ಮನಸ್ಸಿನ ಒಂದು ಮೂಲೆಯಲ್ಲಿ ಊರಿಗೆ ಮರಳುವ ಆಸೆ ಸದಾ ಇರುತ್ತದೆ. ನಾಲ್ಕು ಕಾಸು ಕೂಡಿಟ್ಟು ಹಿಂದಿರುಗುವೆನೆಂದು ನಂಬಿದವನು ಬಾಡಿಗೆಯ ಕೊಠಡಿಯಲ್ಲಿ ಚಾಪೆ ಹಾಸಿ ಪ್ರಾರ್ಥಿಸಿದರೂ ಸಾಕೆನ್ನುತ್ತಾನೆ. ಕೆಲವು ವರ್ಷ ಕಳೆಯುವುದರೊಳಗೆ ಸತ್ತವರನ್ನು ಆ ನೆಲದಲ್ಲಿ ಮಣ್ಣು ಮಾಡಬೇಕಾಗುತ್ತದೆ. ಮಕ್ಕಳು ಆ ನೆಲದ ಭಾಷೆಯಲ್ಲಿ ಕನಸು ಕಾಣತೊಡಗುತ್ತಾರೆ. ಇನ್ನು ಮರಳುವುದಿಲ್ಲವೆಂಬ ಅರಿವು ನೋವಿನೊಡನೆಯೇ ಮೂಡುತ್ತದೆ. ಮಿನಾರಿನ ಯೋಚನೆ ಬರುವುದು ಆಗ. ಅದು ಗೆದ್ದವನ ಕಂಬವಲ್ಲ. "ನಾವು ಇಲ್ಲಿಯವರಾದೆವು, ನಮ್ಮ ಮೊಮ್ಮಕ್ಕಳನ್ನು ಇಲ್ಲಿಯೇ ಹುಡುಕಿರಿ" ಎಂದು ಮನೆ ಬಿಟ್ಟುಬಂದವನು ಬರೆದ ವಿಳಾಸವೆಂದು ಅದನ್ನು ಓದುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಅದಕ್ಕೂ ಮುಂಚೆಯೇ ಒಂದು ಭವ್ಯವಾದ ಮಿನಾರು ಎದ್ದಿತ್ತು. 1944ರಲ್ಲಿ ತುರ್ಕಿಯ ರಾಯಭಾರಿ ಮುನೀರ್ ಎರ್ತೆಗುನ್ ಅಲ್ಲಿ ತೀರಿಕೊಂಡಾಗ, ಅಂತ್ಯಪ್ರಾರ್ಥನೆ ಸಲ್ಲಿಸಲು ನಗರದಲ್ಲಿ ತಕ್ಕ ಮಸೀದಿಯೇ ಇಲ್ಲದುದು ಕೆಲವರ ಮನಸ್ಸನ್ನು ನಾಟಿತು. ಮುಸ್ಲಿಂ ದೇಶಗಳ ರಾಯಭಾರಿಗಳು ಮುಂದೆ ಬಂದರು. ನಕ್ಷೆ ಮಾಡಿದವನು ಇಟಲಿಯವನು. ಹೆಂಚುಗಳು ತುರ್ಕಿಯಿಂದ, ರತ್ನಗಂಬಳಿಗಳು ಇರಾನಿನಿಂದ, ತೂಗುದೀಪ ಈಜಿಪ್ಟಿನಿಂದ ಬಂದವು. 1957ರ ಜೂನ್ 28ರಂದು ಅದರ ಉದ್ಘಾಟನೆಗೆ ಬಂದ ಅಧ್ಯಕ್ಷ ಐಸೆನ್‌ಹೋವರ್ ಅವರು, ತಮ್ಮ ಮನಸ್ಸಾಕ್ಷಿಗೆ ಒಪ್ಪಿದಂತೆ ಪೂಜಿಸುವ ಹಕ್ಕು ಅಲ್ಲಿ ನೆರೆದಿದ್ದ ಮುಸಲ್ಮಾನರಿಗೂ ಉಂಟೆಂದೂ, ಆ ಹಕ್ಕಿಗಾಗಿ ಅಮೆರಿಕವು ತನ್ನ ಸರ್ವಶಕ್ತಿಯಿಂದ ಹೋರಾಡುವುದೆಂದೂ ನುಡಿದರು. ಮಾತು ದೊಡ್ಡದು. ಆದರೆ ಅತಿಥಿಗಳಾದ ರಾಯಭಾರಿಗಳ ಮುಂದೆ ಅದನ್ನು ಆಡುವುದು ಸುಲಭ. ಪಕ್ಕದ ಮನೆಯ ಅಂಗಡಿಕಾರನೂ ಆಸ್ಪತ್ರೆಯ ವೈದ್ಯನೂ ಬಂದು, "ನಮಗೂ ಒಂದು ಮಿನಾರು ಬೇಕು" ಎಂದಾಗಲೂ ಅದೇ ಮಾತು ನಿಲ್ಲುತ್ತದೆಯೇ ಎಂಬುದರಲ್ಲಿ ಅದರ ಪರೀಕ್ಷೆ ಇದೆ.

ಆ ಪರೀಕ್ಷೆಯ ಕಾಲ 1965ರ ನಂತರ ಬಂತು. ಏಷ್ಯಾ, ಆಫ್ರಿಕಾಗಳ ಜನರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದ್ದ ಹಳೆಯ ವಲಸೆ ಕಾನೂನು ಆ ವರ್ಷ ಬದಲಾಯಿತು. ಭಾರತ, ಪಾಕಿಸ್ತಾನ, ಈಜಿಪ್ಟ್ ಮುಂತಾದ ದೇಶಗಳ ವೈದ್ಯರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ನೆಲೆಸಿದರು. ಹಳೆಯ ಮಸೀದಿಗಳು ಸಾಲದಾದವು. ಜಮೀನು ಕೊಳ್ಳುವುದು, ನಕ್ಷೆ ಸಲ್ಲಿಸುವುದು, ನಗರ ಯೋಜನಾ ಮಂಡಲಿಯ ಮುಂದೆ ಬಹಿರಂಗ ವಿಚಾರಣೆಗೆ ಕೂರುವುದು ಇವೆಲ್ಲ ಮೊದಲಾದವು. ಈ ವಿಚಾರಣೆಗಳಲ್ಲಿ ಕೇಳಿಬರುವ ಆಕ್ಷೇಪಣೆಗಳು ಬಹುಪಾಲು ಒಂದೇ ಬಗೆ. ಶುಕ್ರವಾರ ವಾಹನಗಳು ಮುತ್ತುತ್ತವೆ, ನಿಲ್ಲಿಸಲು ಸ್ಥಳವಿಲ್ಲ, ಕಟ್ಟಡದ ಎತ್ತರ ನಿಯಮವನ್ನು ಮೀರುತ್ತದೆ, ಮಳೆಯ ನೀರು ಪಕ್ಕದ ಹಿತ್ತಿಲಿಗೆ ಹರಿಯುತ್ತದೆ. ಇವನ್ನೆಲ್ಲ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಿತ್ತಿಲಿಗೆ ನೀರು ಹರಿದರೆ ತೊಂದರೆಯಾಗುವುದು ನಿಜವೇ. ಆದರೆ ಅಷ್ಟೇ ಎತ್ತರದ ಚರ್ಚಿಗೆ ಕೇಳದ ಪ್ರಶ್ನೆಯನ್ನು ಮಸೀದಿಗೆ ಮಾತ್ರ ಕೇಳಿದಾಗ, ಹರಿಯುತ್ತಿರುವುದು ಮಳೆಯ ನೀರಲ್ಲವೆಂದು ತಿಳಿಯುತ್ತದೆ. ಇಂಥ ಪಕ್ಷಪಾತವನ್ನು ತಡೆಯಲೆಂದೇ ಅಮೆರಿಕದ ಶಾಸನಸಭೆ 2000ದಲ್ಲಿ ಒಂದು ಕಾನೂನನ್ನು ಮಾಡಿತು. ಜಮೀನು ಮತ್ತು ಕಟ್ಟಡದ ನಿಯಮಗಳ ನೆವದಲ್ಲಿ ಯಾವ ಧರ್ಮದವರ ಪೂಜಾಸ್ಥಾನಕ್ಕೂ ಅನ್ಯಾಯವಾದ ಅಡ್ಡಿ ಮಾಡಕೂಡದೆಂಬುದು ಅದರ ತಿರುಳು.

ಕಾನೂನು ಇದ್ದ ಮಾತ್ರಕ್ಕೆ ದಾರಿ ಸಲೀಸಾಗಲಿಲ್ಲ. ಟೆನೆಸ್ಸೀ ರಾಜ್ಯದ ಮರ್ಫ್ರೀಸ್‌ಬರೊ ಎಂಬ ಊರಿನಲ್ಲಿ ನಡೆದುದನ್ನು ನೋಡಬಹುದು. ಅಲ್ಲಿನ ಮುಸಲ್ಮಾನರು ಬಹು ವರ್ಷಗಳಿಂದ ಇಕ್ಕಟ್ಟಾದ ಜಾಗದಲ್ಲಿ ಪ್ರಾರ್ಥನೆ ನಡೆಸುತ್ತ, ಊರಿನವರೊಡನೆ ಹೊಂದಿಕೊಂಡೇ ಇದ್ದರು. 2010ರಲ್ಲಿ ಹೊಸ ಮಸೀದಿಗೆ ಅನುಮತಿ ದೊರೆತೊಡನೆ ಪ್ರತಿಭಟನೆಗಳು ಎದ್ದವು. ಆಗಸ್ಟ್ ತಿಂಗಳಲ್ಲಿ ಅಲ್ಲಿದ್ದ ಮಣ್ಣು ಅಗೆಯುವ ಯಂತ್ರಕ್ಕೆ ಯಾರೋ ಬೆಂಕಿಯಿಟ್ಟರು. ಕೆಲವರು ನ್ಯಾಯಾಲಯಕ್ಕೆ ಹೋಗಿ, ಇಸ್ಲಾಂ ಒಂದು ಧರ್ಮವೇ ಅಲ್ಲವೆಂದು ವಾದಿಸಿದರು! ಒಂದು ಶತಕೋಟಿಗೂ ಮಿಕ್ಕ ಜನ ಆಚರಿಸುವುದನ್ನು ಧರ್ಮವೆಂದು ರುಜುವಾತುಪಡಿಸಲು ಕೇಂದ್ರ ಸರಕಾರದ ವಕೀಲರೇ ಮುಂದೆ ಬರಬೇಕಾಯಿತು. 2012ರಲ್ಲಿ ಸ್ಥಳೀಯ ನ್ಯಾಯಾಧೀಶರೊಬ್ಬರು ಅನುಮತಿಯನ್ನು ರದ್ದುಪಡಿಸಿದರು. ಕೇಂದ್ರ ನ್ಯಾಯಾಲಯ ಮಧ್ಯೆ ಪ್ರವೇಶಿಸಿದುದರಿಂದ ಆ ವರ್ಷದ ರಂಜಾನಿನ ಕಡೆಯ ದಿನಗಳಲ್ಲಿ ಅಲ್ಲಿ ಪ್ರಾರ್ಥನೆ ನಡೆಯಿತು.

ಟೊಲೀಡೊದ ಮಸೀದಿಗೂ ಒಂದು ಗಾಯವಾಗಿತ್ತು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜೋಡಿಗೋಪುರಗಳು ಉರುಳಿದ ಸಮಯದಲ್ಲಿ, ಯಾರೋ ಹಾರಿಸಿದ ಗುಂಡು ಅದರ ಬಣ್ಣದ ಗಾಜಿನ ಕಿಟಕಿಯನ್ನು ತೂರಿತು. ಸುದ್ದಿ ಹರಡಿತು. ಕೆಲವು ದಿನಗಳ ಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಊರವರು, ಅವರಲ್ಲಿ ಬಹುಪಾಲು ಕ್ರೈಸ್ತರು, ಅಲ್ಲಿಗೆ ಬಂದು ಮಸೀದಿಯ ಸುತ್ತ ಕೈಗೆ ಕೈ ಹಿಡಿದು ನಿಂತು ಪ್ರಾರ್ಥನೆ ಸಲ್ಲಿಸಿದರು. ಇಂಥ ಘಟನೆಯನ್ನು ಹೇಳಿ ದ್ವೇಷವೇ ಇಲ್ಲವೆಂದು ಸಾಧಿಸಲು ನಾನು ಹೊರಟಿಲ್ಲ. ಗುಂಡು ಹಾರಿಸಿದವನೂ ಅದೇ ದೇಶದವನೇ ಇರಬೇಕು. ಹೆದ್ದಾರಿಯಿಂದ ಕಾಣುವ ಮಿನಾರು ಅವನಿಗೆ ಗುರಿಯನ್ನು ತೋರಿಸಿತು. ಕೈಹಿಡಿದು ನಿಲ್ಲಲು ಬಂದವರಿಗೆ ದಾರಿಯನ್ನೂ ಅದೇ ತೋರಿಸಿತು. ಕಾಣಿಸಿಕೊಳ್ಳುವವನಿಗೆ ಈ ಎರಡೂ ತಪ್ಪಿದ್ದಲ್ಲ.

ಹೊಸಬರ ಶಿಖರವನ್ನು ಕಂಡು ಅಮೆರಿಕ ಬೆದರಿದ್ದು ಇದೇ ಮೊದಲಲ್ಲ. 1844ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಉದ್ರಿಕ್ತ ಜನ ಸೇಂಟ್ ಮೈಕೇಲ್, ಸೇಂಟ್ ಅಗಸ್ಟೀನ್ ಎಂಬ ಎರಡು ಕ್ಯಾಥೊಲಿಕ್ ಚರ್ಚುಗಳನ್ನು ಸುಟ್ಟು ಬೂದಿ ಮಾಡಿದರು. ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕರ ಮೇಲೆ ಆಗ ಹೊರಿಸಿದ್ದ ಆರೋಪವೇನು? ಅವರ ನಿಷ್ಠೆ ಅಮೆರಿಕದ ಸಂವಿಧಾನಕ್ಕಲ್ಲ, ರೋಮಿನ ಪೋಪರಿಗೆ. ಅವರ ಸಂಖ್ಯೆ ಬೆಳೆದರೆ ದೇಶದ ಸ್ವಾತಂತ್ರ್ಯ ಉಳಿಯದು ಎಂಬುದು. ಹೆಸರುಗಳನ್ನು ಬದಲಾಯಿಸಿದರೆ ಇಂದಿನ ಮಾತುಗಳೇ. ಅದೇ ಕ್ಯಾಥೊಲಿಕರಲ್ಲಿ ಒಬ್ಬರು 1961ರಲ್ಲಿ ಅಮೆರಿಕದ ಅಧ್ಯಕ್ಷರಾದರೆಂಬುದನ್ನು ಎಲ್ಲರೂ ಬಲ್ಲರು.

ಇದುವರೆಗೆ ಕಣ್ಣಿಗೆ ಕಾಣುವ ಮಿನಾರಿನ ಮಾತಾಯಿತು. ಕಿವಿಗೆ ಬೀಳುವ ಆಜಾನಿನ ಪ್ರಶ್ನೆ ಇದಕ್ಕಿಂತ ಕಠಿನವಾದುದು. ಏಕೆಂದರೆ ಕಣ್ಣನ್ನು ಬೇರೆಡೆಗೆ ತಿರುಗಿಸಬಹುದು, ಕಿವಿಯನ್ನು ತಿರುಗಿಸಲಾಗದು. ಟೊಲೀಡೊದಿಂದ ಉತ್ತರಕ್ಕೆ ಸುಮಾರು 60 ಮೈಲಿ ಹೋದರೆ ಹ್ಯಾಮ್‌ಟ್ರಾಮ್ಕ್ ಎಂಬ ಊರು ಸಿಗುತ್ತದೆ. ಡೆಟ್ರಾಯಿಟ್ ನಗರವು ಸುತ್ತಲೂ ಬೆಳೆದು ನಡುವೆ ಉಳಿದುಹೋದ, ಎರಡು ಚದರ ಮೈಲಿಯಷ್ಟು ವಿಸ್ತಾರದ, ಸ್ವಂತ ನಗರಸಭೆಯುಳ್ಳ ಊರು. ಡಾಜ್ ಮೋಟಾರು ಕಾರ್ಖಾನೆಯಲ್ಲಿ ದುಡಿಯಲು ಬಂದ ಪೋಲೆಂಡಿನ ಕ್ಯಾಥೊಲಿಕರು ಅದನ್ನು ಬೆಳೆಸಿದರು. 1930ರಲ್ಲಿ ಅಲ್ಲಿ 56,000 ಜನರಿದ್ದರು. ಕಾರ್ಮಿಕರು ತಮ್ಮ ಕೂಲಿಯ ಹಣ ಸೇರಿಸಿ 1920ರ ದಶಕದ ಕೊನೆಯಲ್ಲಿ ಕಟ್ಟಿದ ಸೇಂಟ್ ಫ್ಲೋರಿಯನ್ ಚರ್ಚಿನ ಶಿಖರ ಸುತ್ತಲಿನ ಗುಡಿಸಲಿನಂಥ ಮನೆಗಳ ಮೇಲೆ ಇಂದಿಗೂ ಎತ್ತರವಾಗಿ ನಿಂತಿದೆ. 1980ರಲ್ಲಿ ಆ ಕಾರ್ಖಾನೆ ಮುಚ್ಚಿತು. ಪೋಲಿಷರ ಮಕ್ಕಳು ಹೊರವಲಯಗಳಿಗೆ ಹೋದರು; ಖಾಲಿಯಾದ ಅಗ್ಗದ ಮನೆಗಳಿಗೆ ಬಾಂಗ್ಲಾದೇಶದವರೂ ಯೆಮೆನಿಗಳೂ ಬೋಸ್ನಿಯಾದವರೂ ಬಂದು ಸೇರಿದರು. ಅಂದರೆ ಹಳೆಯ ವಲಸಿಗರ ಮನೆಗಳಲ್ಲಿ ಹೊಸ ವಲಸಿಗರು.

ಅಲ್ಲಿಯ ಬಾಂಗ್ಲಾದೇಶೀಯರ ಒಂದು ಮಸೀದಿಯವರು, ಧ್ವನಿವರ್ಧಕದ ಮೂಲಕ ಆಜಾನ್ ಕೊಡಲು ಅವಕಾಶ ಬೇಕೆಂದು ನಗರಸಭೆಯನ್ನು ಕೇಳಿಕೊಂಡರು. 2004ರ ಏಪ್ರಿಲಿನಲ್ಲಿ ನಗರಸಭೆ ಶಬ್ದ ನಿಯಂತ್ರಣದ ಕಟ್ಟಳೆಯನ್ನು ಒಮ್ಮತದಿಂದ ತಿದ್ದಿತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಮಾತ್ರ ಅವಕಾಶ. ಧ್ವನಿಯ ಮಟ್ಟವನ್ನು ಗೊತ್ತುಪಡಿಸುವ ಅಧಿಕಾರ ನಗರಸಭೆಯದು. ದೇಶದ ಪತ್ರಿಕೆಗಳೆಲ್ಲ ಆ ಸಣ್ಣ ಊರಿನ ಕಡೆಗೆ ತಿರುಗಿದವು. ಹಳಬರಲ್ಲಿ ಕೆಲವರು ನೊಂದರು. ತಾವು ಹುಟ್ಟಿ ಬೆಳೆದ ಬೀದಿಯಲ್ಲಿ ತಮಗೆ ತಿಳಿಯದ ಭಾಷೆಯಲ್ಲಿ ದೇವರ ಹೆಸರನ್ನು ದಿನವೂ ಕೇಳಬೇಕೆ ಎಂಬುದು ಅವರ ಅಳಲು. ಆ ಅಳಲನ್ನು ದುಷ್ಟತನವೆಂದು ಕರೆಯಲು ನನಗೆ ಮನಸ್ಸು ಬಾರದು. ಮಕ್ಕಳು ದೂರವಾಗಿ, ಕಾರ್ಖಾನೆ ಮುಚ್ಚಿ, ಪರಿಚಯದ ಅಂಗಡಿಗಳೆಲ್ಲ ಕಣ್ಮರೆಯಾದ ಮೇಲೆ ಮುದುಕಿಯೊಬ್ಬಳಿಗೆ ಉಳಿದಿದ್ದ ಆಸ್ತಿ ಆ ಬೀದಿಯ ಮೌನವೊಂದೇ ಆಗಿದ್ದಿರಬಹುದು. ಆದರೆ ಆ ಬೀದಿಯಲ್ಲಿ ಮೌನ ನಿಜವಾಗಿ ಇತ್ತೆ? ಚರ್ಚಿನ ಗಂಟೆಗಳು ಆಕೆಯ ಬಾಲ್ಯದಿಂದಲೂ ಮೊಳಗುತ್ತಿದ್ದವು. ತನ್ನದಾದ ಸದ್ದು ಮನುಷ್ಯನಿಗೆ ಸದ್ದಾಗಿ ಕೇಳಿಸುವುದಿಲ್ಲ, ಅಷ್ಟೆ.

ವಿರೋಧಿಗಳು ಸಹಿ ಸಂಗ್ರಹಿಸಿ ವಿಷಯವನ್ನು ಜನಮತಕ್ಕೆ ತಂದರು. ಇದರಲ್ಲಿ ಒಂದು ಸ್ವಾರಸ್ಯವಿದೆ. ಹಳೆಯ ಕಟ್ಟಳೆಯಲ್ಲಿ ಆಜಾನಿಗೆ ನಿಷೇಧವೇನೂ ಇರಲಿಲ್ಲ. ತಿದ್ದುಪಡಿ ಬಿದ್ದುಹೋಗಿದ್ದರೆ ಆಜಾನ್ ನಿಲ್ಲುತ್ತಿರಲಿಲ್ಲ. ಅದರ ಹೊತ್ತನ್ನೂ ಮಟ್ಟವನ್ನೂ ಗೊತ್ತುಮಾಡುವ ಅಧಿಕಾರ ಮಾತ್ರ ಹೋಗುತ್ತಿತ್ತು. ಕೋಪದಲ್ಲಿ ಕೊಡೆಯನ್ನು ಎಸೆದು ಮಳೆಯನ್ನು ನಿಲ್ಲಿಸಹೊರಟಂತೆ! ಆ ವರ್ಷದ ಜುಲೈನಲ್ಲಿ ಮತದಾರರು ಕಡಮೆ ಅಂತರದಿಂದಲೇ ಆದರೂ ತಿದ್ದುಪಡಿಯನ್ನು ಎತ್ತಿಹಿಡಿದರು. ಆಜಾನ್ ಇಂದಿಗೂ ನಡೆಯುತ್ತಿದೆ, ಚರ್ಚಿನ ಗಂಟೆಯೂ ನಡೆಯುತ್ತಿದೆ. ಆ ಬಳಿಕ ಮಿನೆಸೋಟ ರಾಜ್ಯದ ದೊಡ್ಡ ನಗರವಾದ ಮಿನಿಯಾಪೊಲಿಸ್, 2023ರ ಏಪ್ರಿಲಿನಲ್ಲಿ, ದಿನದ ಐದೂ ಹೊತ್ತಿನ ಆಜಾನನ್ನು ಹೊರಗೆ ಕೇಳಿಸಲು ಒಮ್ಮತದಿಂದ ಒಪ್ಪಿತು. ನನ್ನ ಮಟ್ಟಿಗೆ, ನಸುಕಿನ ಹೊತ್ತಿನಲ್ಲಿ ಪಕ್ಕದ ಮನೆಯ ಕೂಸಿನ ನಿದ್ದೆಗೆ ಬೆಲೆ ಕೊಟ್ಟ ಹ್ಯಾಮ್‌ಟ್ರಾಮ್ಕಿನ ಏರ್ಪಾಟೇ ಹೆಚ್ಚು ವಿವೇಕದ್ದೆಂದು ಕಾಣುತ್ತದೆ.

ಆ ಊರಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ಹೊತ್ತಿಗೆ ಹ್ಯಾಮ್‌ಟ್ರಾಮ್ಕ್ ನಗರಸಭೆಯ ಸದಸ್ಯರೆಲ್ಲರೂ ಮುಸಲ್ಮಾನರಾದರು. 2023ರ ಜೂನಿನಲ್ಲಿ ಅದೇ ಸಭೆಯು, ನಗರದ ಕಂಬಗಳ ಮೇಲೆ ಗೊತ್ತಾದ ಕೆಲವು ಧ್ವಜಗಳ ವಿನಾ ಬೇರೆ ಧ್ವಜಗಳನ್ನು ಹಾರಿಸಕೂಡದೆಂದು ನಿರ್ಣಯಿಸಿತು. ಅದರಿಂದ ಸಲಿಂಗಾನುರಾಗಿಗಳ ಬಣ್ಣದ ಧ್ವಜ ಅಲ್ಲಿಂದ ಇಳಿಯಬೇಕಾಯಿತು. 2004ರಲ್ಲಿ ಆಜಾನಿನ ಪರವಾಗಿ ನಿಂತಿದ್ದ ಹಳೆಯ ನಿವಾಸಿಗಳಲ್ಲಿ ಕೆಲವರು ತಮಗೆ ದ್ರೋಹವಾಯಿತೆಂದು ನೊಂದುಕೊಂಡರು. ಸಾರ್ವಜನಿಕ ಕಂಬದ ಮೇಲೆ ಯಾವ ಪಂಗಡದ ಧ್ವಜವೂ ಬೇಡವೆಂಬುದಕ್ಕೂ ಒಂದು ನ್ಯಾಯವುಂಟು. ಆ ವಾದವನ್ನು ಅಲ್ಲಗಳೆಯಲಾರೆ. ಆದರೆ ಕಾಣಿಸಿಕೊಳ್ಳುವ ಹಕ್ಕನ್ನು ಬೇಡಿ ಪಡೆದವರು, ತಮ್ಮ ಕೈಗೆ ಅಧಿಕಾರ ಬಂದಾಗ ಇತರರ ಕಾಣ್ಕೆಗೆ ಎಷ್ಟು ಸ್ಥಳ ಬಿಡುತ್ತಾರೆಂದು ಜನ ನೋಡುತ್ತಾರೆ. ನೋಡಲೂ ಬೇಕು.

ಸ್ವಿಟ್ಜರ್ಲೆಂಡ್ ಹಿಡಿದ ದಾರಿ ಬೇರೆ. ಆ ದೇಶದಲ್ಲಿ ಇದ್ದ ಮಿನಾರುಗಳು ಒಟ್ಟು ನಾಲ್ಕು. ಅವುಗಳಿಂದ ಆಜಾನೂ ಕೇಳಿಬರುತ್ತಿರಲಿಲ್ಲ. ಆದರೂ 2009ರ ನವೆಂಬರಿನ ಜನಮತದಲ್ಲಿ ಶೇಕಡಾ 57ಕ್ಕಿಂತ ಹೆಚ್ಚು ಮತದಾರರು ಹೊಸ ಮಿನಾರು ಕಟ್ಟಕೂಡದೆಂದು ಸಂವಿಧಾನದಲ್ಲಿಯೇ ಬರೆಸಿದರು. ಮಸೀದಿಗೆ ನಿಷೇಧವಿಲ್ಲ, ಪ್ರಾರ್ಥನೆಗೆ ನಿಷೇಧವಿಲ್ಲ. ಮಿನಾರು ಮಾತ್ರ ಬೇಡ. "ನೀವು ಇರಬಹುದು, ಕಾಣಬೇಡಿ" ಎಂದಂತಾಯಿತು. ಇದನ್ನು ಸಹಿಷ್ಣುತೆಯೆಂದು ಕರೆದರೆ ಆ ಪದಕ್ಕೆ ಅರ್ಥ ಉಳಿಯುವುದಿಲ್ಲ. ಗೂಡಿನಲ್ಲಿ ಬಚ್ಚಿಟ್ಟ ದೀಪವನ್ನು ಆರಿಸಲಿಲ್ಲವೆಂದು ಹೆಮ್ಮೆಪಡುವವನು ಬೆಳಕಿಗೆ ಗೌರವ ಕೊಟ್ಟನೆನ್ನಬಹುದೆ?

ಈ ವಿಷಯದಲ್ಲಿ ನಮ್ಮವರಿಗೂ ಒಂದು ಸಂಬಂಧವಿದೆ. 1965ರ ಕಾನೂನಿನ ಬಾಗಿಲಿನಿಂದಲೇ ಭಾರತದ ಹಿಂದುಗಳು, ಅವರಲ್ಲಿ ಕನ್ನಡಿಗರೂ ಸೇರಿ, ಅಮೆರಿಕಕ್ಕೆ ಹೋಗಿ ನೆಲೆಸಿದರು. ಅವರೂ ಮೊದಮೊದಲು ಯಾರದೋ ಮನೆಯ ಹಜಾರದಲ್ಲಿ, ಬಾಡಿಗೆಯ ಸಭಾಂಗಣದಲ್ಲಿ ಹಬ್ಬಗಳನ್ನು ಮಾಡಿದರು. ಅವರೂ ನಗರಸಭೆಗಳ ಮುಂದೆ ನಕ್ಷೆ ಹಿಡಿದು ನಿಂತರು. 1977ರ ಜುಲೈ 4ರಂದು ನ್ಯೂಯಾರ್ಕಿನ ಫ್ಲಷಿಂಗ್ ಭಾಗದಲ್ಲಿ ಗಣೇಶನ ದೇವಾಲಯ ಪ್ರತಿಷ್ಠೆಯಾಯಿತು. ಭಾರತದಲ್ಲಿ ಕೆತ್ತಿಸಿದ ಕಲ್ಲು ಸಮುದ್ರ ದಾಟಿ ಹೋಗಿ ಅಲ್ಲಿ ದೇಗುಲವಾಯಿತು. ಆ ಶಿಖರವನ್ನು ಕಂಡು ಹಿಗ್ಗುವವನಿಗೆ ಟೊಲೀಡೊದ ಮಿನಾರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನ್ನೂ ಎತ್ತಿ ನಿಲ್ಲಿಸಿದ ಮನಸ್ಸು ಒಂದೇ. ಎರಡನ್ನೂ ಕಾಯುವ ಕಾನೂನೂ ಒಂದೇ.

ಆ ದೇವಾಲಯವಿರುವ ಬೀದಿಯ ಹೆಸರು ಬೌನ್ ಬೀದಿ. ಮುನ್ನೂರು ವರ್ಷಗಳಿಗೂ ಹಿಂದೆ ಫ್ಲಷಿಂಗ್ ಡಚ್ಚರ ಕೈಯಲ್ಲಿದ್ದ ಒಂದು ಹಳ್ಳಿ. ಕ್ವೇಕರ್ ಪಂಥದವರಿಗೆ ಆಶ್ರಯ ಕೊಡಕೂಡದೆಂದು ರಾಜ್ಯಪಾಲ ಸ್ಟೈವೆಸೆಂಟನು ಆಜ್ಞೆ ಹೊರಡಿಸಿದಾಗ, ಸ್ವತಃ ಕ್ವೇಕರರಲ್ಲದ ಸುಮಾರು 30 ಮಂದಿ ಹಳ್ಳಿಗರು 1657ರ ಡಿಸೆಂಬರ್ 27ರಂದು ಒಂದು ಮನವಿಯನ್ನು ಬರೆದು ಸಹಿ ಹಾಕಿದರು. ಪ್ರೀತಿ, ಶಾಂತಿ, ಸ್ವಾತಂತ್ರ್ಯಗಳ ನಿಯಮವು ಯೆಹೂದ್ಯರಿಗೂ ತುರ್ಕರಿಗೂ ಸಲ್ಲುತ್ತದೆಂದು ಅವರು ಅದರಲ್ಲಿ ಬರೆದರು. ತುರ್ಕರೆಂದರೆ ಆ ಕಾಲದ ಮಾತಿನಲ್ಲಿ ಮುಸಲ್ಮಾನರು. ಆ ಹಳ್ಳಿಯಲ್ಲಿ ಆಗ ಮಸೀದಿಯಿರಲಿಲ್ಲ. ಸಹಿ ಮಾಡಿದವರಲ್ಲಿ ಹೆಚ್ಚಿನವರು ಮುಸಲ್ಮಾನನೊಬ್ಬನನ್ನು ಕಣ್ಣಿನಿಂದ ಕಂಡಿದ್ದರೋ ಇಲ್ಲವೋ! ಸಹಿ ಮಾಡಿದವರಲ್ಲಿ ಕೆಲವರನ್ನು ಸೆರೆಯಲ್ಲಿಟ್ಟರು. ಕೆಲವು ವರ್ಷಗಳ ಮೇಲೆ, 1662ರಲ್ಲಿ, ಅದೇ ಹಳ್ಳಿಯ ಜಾನ್ ಬೌನ್ ಎಂಬ ರೈತನು ತನ್ನ ಮನೆಯಲ್ಲಿ ಕ್ವೇಕರರಿಗೆ ಪ್ರಾರ್ಥನೆಗೆ ಸ್ಥಳ ಕೊಟ್ಟನು. ಅವನನ್ನು ಹಿಡಿದು ದಂಡ ವಿಧಿಸಿದರು. ಅವನು ದಂಡ ತೆರಲಿಲ್ಲ. ಗಡೀಪಾರಾಗಿ ಹಾಲೆಂಡಿಗೆ ಹೋಗಿ ಕಂಪನಿಯ ಅಧಿಕಾರಿಗಳ ಮುಂದೆ ತನ್ನ ವಾದವನ್ನು ಮಂಡಿಸಿದನು. ಜನರ ಮನಸ್ಸಾಕ್ಷಿಯನ್ನು ಬಲಾತ್ಕರಿಸಬಾರದೆಂದು ಕಂಪನಿಯು 1663ರಲ್ಲಿ ರಾಜ್ಯಪಾಲನಿಗೆ ಬರೆಯಿತು, ಬೌನನು ಊರಿಗೆ ಮರಳಿದನು. ಅವನ ಮರದ ಮನೆ ಈಗಲೂ ಆ ಬೀದಿಯಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಗಣೇಶನ ಗುಡಿಯ ಗೋಪುರ ಕಾಣುತ್ತದೆ.